ಸೋನಿಕ್‌ನ ಓಟ ನಿಧಾನವಾದ ಬಗೆ

ಸೆಗಾ ಕಂಪನಿಯ ಆಟದ ನಾಯಕ ಸೋನಿಕ್‌ನ ಹೆಗ್ಗಳಿಕೆಯೇ ವೇಗ. ಆದರೆ 1991ರಲ್ಲಿ ಯುರೋಪಿನ ಟಿ.ವಿ.ಗಳ ಮೇಲೆ ಅವನು ಜಪಾನಿನಲ್ಲಿ ಓಡಿದಷ್ಟು ಬಿರುಸಾಗಿ ಓಡಲಿಲ್ಲ. ಕಾರಣ ಹುಡುಕಿದರೆ ಗೋಡೆಯ ವಿದ್ಯುತ್ತಿನವರೆಗೆ ಹೋಗಬೇಕು.

ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಯುರೋಪಿನದು 50, ಟಿ.ವಿ. ಪದ್ಧತಿಗಳೂ ಅದನ್ನೇ ಅನುಸರಿಸಿದವು. ಅಮೆರಿಕ 1953ರಲ್ಲಿ ಒಪ್ಪಿ, ಮುಂದೆ ಜಪಾನೂ ಸ್ವೀಕರಿಸಿದ ಎನ್‌ಟಿಎಸ್‌ಸಿ ವರ್ಣಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 60 ಬಾರಿ ಚಿತ್ರ. ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್‌ನಲ್ಲಿ (ನಮ್ಮ ದೂರದರ್ಶನ 1982ರಲ್ಲಿ ಬಣ್ಣ ತಳೆದದ್ದೂ ಇದರಲ್ಲೇ) 625 ಗೆರೆ, 50 ಬಾರಿ. ಆಟ ಪ್ರತಿ ಚಿತ್ರಕ್ಕೊಂದು ಹೆಜ್ಜೆ ಇಡುವುದರಿಂದ ಅಲ್ಲಿ 60 ಸೆಕೆಂಡಿನ ಓಟಕ್ಕೆ ಇಲ್ಲಿ 72 ಸೆಕೆಂಡು! ಸಂಗೀತವೂ ಎಳೆದಾಡಿತು, ಮಿಕ್ಕ ಗೆರೆಗಳು ಮೇಲೆ ಕೆಳಗೆ ಕಪ್ಪು ಪಟ್ಟಿಗಳಾದವು. ಅನೇಕ ಮಕ್ಕಳು ಇದನ್ನೇ ಅಸಲಿ ಓಟವೆಂದುಕೊಂಡು ಬೆಳೆದರು.

ಜಪಾನಿನ ಯಂತ್ರವನ್ನೇ ತರಿಸಿಕೊಂಡವರ ಪಾಡು ಬೇರೆ. ಹಳೆಯ ಪಾಲ್ ಟಿ.ವಿ.ಯಲ್ಲಿ ಚಿತ್ರದ ಬಣ್ಣವೇ ಮಾಯ, ಕೆಲವೊಮ್ಮೆ ಉರುಳಾಟ. 60 ಹರ್ಟ್ಸ್ ತಾಳಿಕೊಳ್ಳುವ ಟಿ.ವಿ.ಯಾದರೆ ಸ್ಕಾರ್ಟ್ ಕೇಬಲ್ ನೆರವಾಗುತ್ತಿತ್ತು: ಕೆಂಪು, ಹಸಿರು, ನೀಲಿ ಸಂಕೇತಗಳು ಬೇರೆಬೇರೆಯಾಗಿಯೇ ಬಂದರೆ ವರ್ಣಪದ್ಧತಿಯ ತಕರಾರಿಲ್ಲ. ಕೆಲವರಂತೂ ಯಂತ್ರವನ್ನೇ ಬಿಚ್ಚಿ ಸ್ವಿಚ್ ಬೆಸೆದರು. 1999ರಲ್ಲಿ ಯುರೋಪಿಗೆ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಅನೇಕ ಆಟಗಳು, 50 ಬೇಕೋ 60 ಬೇಕೋ ಎಂದು ಆಟಗಾರನನ್ನೇ ಕೇಳಿದವು.