ತವರಿನ ಬಾಣಂತನ ಮತ್ತು ದಾಂಪತ್ಯದ ವಿರಾಮ

ಹಳೆಯ ಮೈಸೂರು ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿಯು, ದಂಪತಿಗಳ ದೇಹಸಂಬಂಧ ಮತ್ತೆ ಆರಂಭವಾಗುವ ಕಾಲವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಗೊತ್ತುಪಡಿಸುತ್ತಿತ್ತು. ಜನನದಿಂದ ಮನೆತನಕ್ಕೆ ತಗಲುವುದೆಂದು ನಂಬಲಾದ ಮೈಲಿಗೆ, ಅಂದರೆ ಸೂತಕ, ಅನೇಕ ಸಮುದಾಯಗಳಲ್ಲಿ ಹತ್ತು ದಿನಕ್ಕೆ ಕಳೆದು ಹನ್ನೊಂದನೆಯ ದಿನ ಪುಣ್ಯಾಹವೆಂಬ ಶುದ್ಧಿಕರ್ಮ ನಡೆದರೂ, ಬಾಣಂತಿಯು ಗಂಡನ ಮನೆಗೆ ಮರಳುತ್ತಿದ್ದುದು ಸಾಮಾನ್ಯವಾಗಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ; ಅಲ್ಲಿಯವರೆಗೆ ಮಗುವನ್ನು ನೋಡಲು ಬರುವ ಅಳಿಯ ಅತಿಥಿ ಮಾತ್ರ. ಈ ಅಗಲಿಕೆಯನ್ನು ಮಡಿಯ ಕಟ್ಟಳೆಯೆಂದಷ್ಟೇ ಓದುವುದು ಸರಿಯಲ್ಲ, ಏಕೆಂದರೆ ಗಾಯ ಮಾಯುವುದಕ್ಕೂ ಎದೆಹಾಲೂಡಿಕೆ ನೆಲೆಗೊಳ್ಳುವುದಕ್ಕೂ ಅದು ಬಿಡುವು ಕೊಡುತ್ತಿತ್ತು. ಮುಂದಿನ ಬಾಣಂತನಗಳು ಗಂಡನ ಮನೆಯಲ್ಲೇ ನಡೆದಾಗ ಈ ರಕ್ಷಣೆ ಅತ್ತೆಯ ವಿವೇಚನೆಗೆ ಬಿಟ್ಟದ್ದು. ಹೆತ್ತವಳ ಇಚ್ಛೆಯನ್ನು ಕೇಳುವ ಪದ್ಧತಿಯಂತೂ ಇರಲಿಲ್ಲವೆಂದೇ ಹೇಳಬೇಕು. 1930ರಲ್ಲಿ ಮೈಸೂರು ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಾಗ, ಹೆರಿಗೆಗಳ ನಡುವಣ ಅಂತರವು ಸರ್ಕಾರಿ ವೈದ್ಯರೊಡನೆ ಮಾತನಾಡಬಹುದಾದ ವಿಷಯವಾಯಿತು.