ಹಳೆಯ ಕಾರಿನ ಹೀಟರ್ ಬೆಚ್ಚಗಾಗದಿದ್ದರೆ

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಏರುವಾಗ, ಡಿಸೆಂಬರಿನ ಮುಂಜಾವಿನಲ್ಲಿ ಮಡಿಕೇರಿಯಿಂದ ಹೊರಡುವಾಗ ಕಾರಿನ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಬಯಲುಸೀಮೆಯಲ್ಲಿ ವರ್ಷವಿಡೀ ಮುಟ್ಟದೆ ಬಿಟ್ಟ ಹೀಟರ್ ನೆನಪಾಗುವುದು ಆಗಲೇ. ಗುಂಡಿಯನ್ನು ಕೆಂಪು ಗುರುತಿನವರೆಗೆ ಸರಿಸಿದರೂ ಉಗುರುಬೆಚ್ಚಗಿನ ಗಾಳಿಯಷ್ಟೇ ಬಂದರೆ, ಎಂಜಿನ್ನಿನ ತಂಪುಗೊಳಿಸುವ ವ್ಯವಸ್ಥೆಯನ್ನು ಒಮ್ಮೆ ಪರೀಕ್ಷಿಸುವುದು ಒಳಿತು.

ಹೀಟರಿಗೆ ತನ್ನದೇ ಆದ ಒಲೆಯಿಲ್ಲ. ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಂಜಿನ್ ಸುತ್ತಲಿನ ನೀರಿಗೆ ಸೇರುತ್ತದೆ. ಆ ಬಿಸಿನೀರು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿಬರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ಹೀಟರ್ ಕಾಯಿಲ್. ಬ್ಲೋವರ್ ಅದರ ಮೂಲಕ ಹಾಯಿಸಿದ ಗಾಳಿಯೇ ಬಿಸಿಯಾಗಿ ಒಳಬರುತ್ತದೆ.

ನಮ್ಮಲ್ಲಿ ಮೊದಲು ಶಂಕಿಸಬೇಕಾದದ್ದು ಥರ್ಮೋಸ್ಟಾಟ್. ಎಂಜಿನ್ ಬಿಸಿಯೇರುವ ತನಕ ನೀರು ಮುಂದಿನ ದೊಡ್ಡ ರೇಡಿಯೇಟರಿಗೆ ಹೋಗದಂತೆ ತಡೆದು, ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಳ್ಳುವ ಕವಾಟವಿದು. ಸೆಖೆಯ ನಾಡಿಗೆ ಇದು ಬೇಕಿಲ್ಲವೆಂದು ಕಿತ್ತುಹಾಕುವ ರೂಢಿ ಹಲವು ಗ್ಯಾರೇಜುಗಳಲ್ಲಿದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂತಹ ಕಾರುಗಳು ಹಲವು ಕೈ ಬದಲಾಗಿರುವುದರಿಂದ, ಕವಾಟ ಒಳಗಿದೆಯೋ ಇಲ್ಲವೋ ಎಂಬುದು ಈಗಿನ ಮಾಲೀಕರಿಗೂ ತಿಳಿದಿರಲಿಕ್ಕಿಲ್ಲ. ಹದಿನೈದು ನಿಮಿಷ ಓಡಿಸಿದ ಮೇಲೂ ತಾಪಮಾಪಕದ ಮುಳ್ಳು ತಳದಿಂದ ಮೇಲೇಳದಿದ್ದರೆ ಕವಾಟ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಹೀಗೆ ತಣ್ಣಗೇ ಓಡುವ ಎಂಜಿನ್ ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊರತೆಗೆದ ಕವಾಟವನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದರೆ ಅದರ ಮೇಲೆ ಅಚ್ಚಾದ ತಾಪಮಾನದ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

ಮುಳ್ಳು ಸರಿಯಾಗಿ ಏರುತ್ತಿದ್ದರೆ ದೋಷ ಬೇರೆಡೆ ಇದೆ. ಹೀಟರನ್ನು ಪೂರ್ಣ ಬಿಸಿಗಿಟ್ಟು ಕಾರು ಓಡಿಸಿ, ಎಂಜಿನ್ ನಿಲ್ಲಿಸಿ, ಬಟ್ಟೆ ಹಿಡಿದು ಆ ಎರಡು ರಬ್ಬರ್ ಕೊಳವೆಗಳನ್ನು ಜಾಗ್ರತೆಯಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದರೆ ನೀರಿನ ಕಡೆ ತೊಂದರೆಯಿಲ್ಲ. ಬ್ಲೋವರ್ ಅಥವಾ ಗಾಳಿಯ ದಾರಿ ಬದಲಿಸುವ ಮುಚ್ಚಳದ ತಂತಿ ಸಡಿಲಾಗಿರಬಹುದು. ಒಂದು ಬಿಸಿ, ಮತ್ತೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಬಿಸಿನೀರಿನ ಕವಾಟ ತೆರೆದಿಲ್ಲ, ಕಾಯಿಲ್ ಕಟ್ಟಿಕೊಂಡಿದೆ, ಅಥವಾ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದೆ.

ಕಟ್ಟಿಕೊಳ್ಳಲು ಮುಖ್ಯ ಕಾರಣ ವರ್ಷಗಟ್ಟಲೆ ಸುರಿದ ನಲ್ಲಿನೀರು. ಬೋರ್‌ವೆಲ್ಲಿನ ಗಡಸು ನೀರಾದರಂತೂ ಸುಣ್ಣದ ಪದರವೂ ತುಕ್ಕೂ ಸೇರಿ ಕಾಯಿಲಿನ ಸಣ್ಣ ನಾಳಗಳನ್ನು ಮುಚ್ಚುತ್ತವೆ. ತಣ್ಣಗಿರುವ ಎಂಜಿನ್ನಿನಿಂದ ಎರಡೂ ಕೊಳವೆ ಬಿಚ್ಚಿ, ತೋಟದ ಪೈಪಿನ ಮೆಲ್ಲನೆಯ ನೀರನ್ನು ಹಿಮ್ಮುಖವಾಗಿ ಹಾಯಿಸಿದರೆ ಕಂದು ಕೆಸರು ಹೊರಬರುತ್ತದೆ. ತಿಳಿನೀರು ಬರುವವರೆಗೆ ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬಿಟ್ಟರೆ ಹಳೆಯ ಕಾಯಿಲ್ ಒಡೆದೀತು. ಸೋರಿಕೆ ತಡೆಯುವ ಪುಡಿಗಳೂ ಇದೇ ನಾಳಗಳಲ್ಲಿ ಕೂರುವುದರಿಂದ ಬೇಡ.

ಬಳಿಕ ಕೂಲೆಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಬಹುದು. ಗಾಳಿ ಹೊರಹೋಗಲು ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ತೆರೆದಿಟ್ಟು ಎಂಜಿನ್ ಓಡಿಸಬೇಕು. ಗುಳ್ಳೆ ನಿಂತ ಮೇಲೆ ಮಟ್ಟ ಸರಿಮಾಡಿ ಮುಚ್ಚಳ ಹಾಕಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ.

ಕಾಲಡಿಯ ಹಾಸು ಒದ್ದೆಯಾಗಿ, ಸಿಹಿ ವಾಸನೆ ಬಂದು, ಗಾಜಿನ ಮೇಲೆ ಜಿಡ್ಡು ಕೂತರೆ ಕಾಯಿಲ್ ತೂತಾಗಿದೆ ಎಂದರ್ಥ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸವಾದ್ದರಿಂದ ಇದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು. ಹೊರತೆಗೆದ ಹಳೆಯ ಕೂಲೆಂಟನ್ನು ಚರಂಡಿಗೆ ಸುರಿಯಬಾರದು. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಇಷ್ಟರಲ್ಲಿ ಘಾಟಿ ಹತ್ತಲೇಬೇಕಾಗಿ ಬಂದರೆ, ಹೊರಗಾಳಿ ಒಳಬರುವಂತೆ ಗುಂಡಿ ಸರಿಸಿ ಎ.ಸಿ. ಹಾಕಿಕೊಳ್ಳಬಹುದು. ಅದು ಗಾಳಿಯ ತೇವವನ್ನು ಹೀರಿ ಗಾಜಿನ ಮಬ್ಬನ್ನು ಕಳೆಯುತ್ತದೆ. ಎ.ಸಿ. ಇಲ್ಲದ ಕಾರಾದರೆ ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಬೇಕು.