ಹೊಳೆ ಊರಿನ ಸೋಫಾ

ನಂಜನಗೂಡಿನ ಹಳೇ ಬೀದಿಗಳಲ್ಲಿ ಕೂರುವ ಜಾಗವನ್ನು ಯಾರೂ ಕೊಂಡು ತರುತ್ತಿರಲಿಲ್ಲ, ಮನೆ ಕಟ್ಟುವಾಗಲೇ ಕಟ್ಟುತ್ತಿದ್ದರು. ಬಾಗಿಲಿನ ಎರಡೂ ಬದಿಗೆ ಜಗಲಿ, ಮೇಲೆ ನಾಡಹೆಂಚು, ಮುಂದೆ ಮರದ ಕಂಬ. ಕೆಲವು ಮನೆಗಳಲ್ಲಿ ಒರಗಿಕೊಳ್ಳಲೆಂದು ಗೋಡೆಗೆ ಓರೆಯಾಗಿ ಗಾರೆ ಬಳಿದಿರುತ್ತಿತ್ತು. ನಾನು ಬಡಗಿಯ ಮಗ, ಸೋಫಾ ಮಾಡಿಯೇ ಸಂಸಾರ ನಡೆಸುವವನು. ಆ ಓರೆಯನ್ನು ಅಳೆದು ನೋಡಿದ್ದೇನೆ: ನೆಟ್ಟಗಿನ ಗೋಡೆಗಿಂತ ನಾಲ್ಕೈದು ಬೆರಳು ಹಿಂದಕ್ಕೆ, ಅಷ್ಟೇ. ಬೆನ್ನು ಹಗುರಾಗಲು ಅದು ಸಾಕು. ಇವತ್ತಿಗೂ ನನ್ನ ಸೋಫಾದ ಬೆನ್ನಿಗೆ ಅದೇ ಓರೆ ಕೊಡುತ್ತೇನೆ.

ಜಗಲಿಯ ಅಗಲಕ್ಕೂ ಕಾರಣವಿತ್ತು. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಪಂಚಮಹಾರಥ ನೋಡಲು ಬಂದ ಪರವೂರಿನವರು ರಾತ್ರಿ ಅಲ್ಲೇ ಮೈಚಾಚುತ್ತಿದ್ದರು. ಒಳಗಡೆ ಚಾಪೆ, ಜಮಖಾನ, ಒರಗುದಿಂಬು. ನೆಂಟರು ಬಂದರೆ ಹಾಸುವುದು, ಹೋದರೆ ಸುತ್ತಿಡುವುದು. ಮನೆ ಚಿಕ್ಕದಾದರೂ ಇಕ್ಕಟ್ಟು ಅನ್ನಿಸುತ್ತಿರಲಿಲ್ಲ.

ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ರೈಲು ಬಂತು. ನಮ್ಮಂಥವರ ಮನೆಗೆ ಸೋಫಾ ಬರಲು ಮಾತ್ರ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಅಪ್ಪ ಮಾಡಿದ ಮೊದಲ ಸೆಟ್‌ಗಳಲ್ಲಿ ಒಂದು ತಿ.ನರಸೀಪುರದ ರೇಷ್ಮೆ ಕಾರ್ಖಾನೆಯ ನೌಕರರೊಬ್ಬರದು. ಮತ್ತಿ ಮರದ ಚೌಕಟ್ಟು, ಅಡ್ಡಡ್ಡ ಬಿಗಿದ ನವಾರು ಪಟ್ಟಿ, ಹುರಿಯಿಂದ ಕಟ್ಟಿದ ಸ್ಪ್ರಿಂಗು, ಗೋಣಿತಟ್ಟು, ತೆಂಗಿನ ನಾರು, ಹತ್ತಿ, ಮೇಲೆ ರೆಕ್ಸಿನ್. ಎಷ್ಟೋ ವರ್ಷದ ಮೇಲೆ ಅದು ರಿಪೇರಿಗೆ ನನ್ನ ಕೈಗೆ ಬಂದಾಗ ಪದರ ಪದರವಾಗಿ ಬಿಚ್ಚಿದೆ. ನಾರು ಪುಡಿಯಾಗಿತ್ತು, ಪಟ್ಟಿ ಜೋತಿತ್ತು. ಚೌಕಟ್ಟು ಅಲುಗಿರಲಿಲ್ಲ. ಕೆಟ್ಟದ್ದನ್ನು ತೆಗೆದು ಹೊಸದು ಹಾಕಿ ಕೊಟ್ಟೆ. ಅಪ್ಪನ ಕೆಲಸದ ಮೇಲೆ ಆವತ್ತು ಹುಟ್ಟಿದ ಗೌರವ ದೊಡ್ಡದು.

ಆಮೇಲೆ ಪೇಟೆಗೆ ಬಂದವು ಪಾರ್ಟಿಕಲ್ ಬೋರ್ಡಿಗೆ ಫೋಮ್ ಅಂಟಿಸಿದ ಸೋಫಾಗಳು. ಅವನ್ನು ಬಿಚ್ಚಲು ಹೋದರೆ ಹರಿಯುತ್ತವೆ.

2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ಹೊಳೆದಂಡೆಯ ಹದಿನಾರು ಕಾಲು ಮಂಟಪ ಮುಳುಗಿತು, ತಗ್ಗಿನ ಬೀದಿಗಳಿಗೆ ಕಪಿಲೆ, ಅಂದರೆ ಕಬಿನಿ ಹೊಳೆ, ನುಗ್ಗಿದಳು. ಸಾಮಾನು ಸಾಗಿಸಲು ನಾನೂ ಕೈಹಾಕಿದ್ದೆ. ಮೂರು ಜನ ಕೂರುವ ಸೋಫಾ ಹಳೇ ಮನೆಯ ನಡುಬಾಗಿಲಲ್ಲಿ ತಿರುಗಲೇ ಇಲ್ಲ, ಬಿಟ್ಟು ಬಂದೆವು. ನೀರಿಳಿದ ಮೇಲೆ ನೋಡಿದರೆ ಬೋರ್ಡು ಉಬ್ಬಿ ಸ್ಕ್ರೂ ಕಳಚಿಕೊಂಡಿದ್ದವು. ತಿ.ನರಸೀಪುರದಲ್ಲಂತೂ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಎರಡೂ ಒಟ್ಟಿಗೆ ತುಂಬಿದರೆ ಅಲ್ಲೂ ಇದೇ ಪಾಡು.

ನಗರದವರು ಮಾಡ್ಯುಲರ್ ಸೋಫಾ ಕೇಳುವುದು ಚಂದಕ್ಕೆ. ಹೊಳೆ ಊರಿಗೆ ಅದು ಅಗತ್ಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನಾನು ಮಾಡುವುದು ಒಬ್ಬೊಬ್ಬರು ಕೂರುವ ಬಿಡಿ ಆಸನ: ಅಗಲ 26 ಇಂಚು, ಕೂರುವ ಆಳ 22, ಎತ್ತರ 17. ತಳದಲ್ಲಿ ಕೊಕ್ಕೆ ಸಿಕ್ಕಿಸಿದರೆ ಮೂರು ಸೇರಿ ಒಂದಾಗುತ್ತವೆ, ನಾಲ್ಕು ಸೇರಿದರೆ ಮಲಗಬಹುದು. ತೇಗದ ಚೌಕಟ್ಟು, ಮೊಳೆಯ ಬದಲು ಬೋಲ್ಟು, 40 ಡೆನ್ಸಿಟಿ ಫೋಮಿನ ಕೆಳಗೆ ನಾರಿನ ಪದರ, ಒಗೆಯಲು ಜಿಪ್ಪಿನ ಗವಸು. ವಯಸ್ಸಾದವರಿದ್ದರೆ ಎತ್ತರ ಒಂದಿಂಚು ಹೆಚ್ಚಿಸುತ್ತೇನೆ, ಏಳುವಾಗ ಮಂಡಿಗೆ ನೋವಾಗಬಾರದು. ಅಳತೆಗೆ ಹೋದಾಗ ಹಾಲಿಗಿಂತ ಮೊದಲು ಟೇಪು ಹಿಡಿಯುವುದು ಬಾಗಿಲಿಗೆ, ಆಮೇಲೆ ಮಹಡಿ ಮೆಟ್ಟಿಲ ತಿರುವಿಗೆ.